ಬಿಸಿಲ ಬದಿಯ ಅಮರಮ್ಮ

ಬೇಸಿಗೆಯಲ್ಲಿ ದೇವದುರ್ಗಕ್ಕೆ ದೇವದುರ್ಗವೇ ಗೋಡೆಯ ನೆರಳು ಹಿಡಿದು ನಡೆಯುವಾಗ ಅಮರಮ್ಮ ಟೀಚರು ಮಾತ್ರ ರಸ್ತೆಯ ಬಿಸಿಲ ಬದಿಯಲ್ಲಿ ನಡೆಯುತ್ತಿದ್ದರು. ಕಪ್ಪು ಹೋಗಿ ಬೂದಿ ಬಣ್ಣಕ್ಕೆ ತಿರುಗಿದ ಕೊಡೆ, ಹೆಗಲಿಗೊಂದು ಚೀಲ, ಆತುರವಿಲ್ಲದ ಆದರೆ ಎಲ್ಲಿಯೂ ನಿಲ್ಲದ ನಡಿಗೆ. ನೆರಳಿನ ಬದಿಯಲ್ಲಿ ಅಂಗಡಿಗಳಿದ್ದವು, ಅಂಗಡಿಯ ಮುಂದೆ ಕಟ್ಟೆಗಳಿದ್ದವು, ಕಟ್ಟೆಯ ಮೇಲೆ ಕುಳಿತವರ ಕುಶಲಪ್ರಶ್ನೆಗಳಿದ್ದವು. ದರ್ಜಿ ಅಮೀರ್ ಸಾಬ್ ಒಮ್ಮೆ ಹೊಲಿಗೆ ಯಂತ್ರ ನಿಲ್ಲಿಸಿ ಕೂಗಿದ್ದ:

“ಟೀಚರಮ್ಮಾ, ಈ ಕಡೀಗಿ ಬರ್ರಿ! ನೆರಳಿಗೇನು ಬಾಡಿಗಿ ಇಲ್ರಿ.”

“ನೆರಳಿಗಿಲ್ಲ, ಅಮೀರ್ ಸಾಬ್. ಮಾತಿಗದ,” ಎಂದು ಅವರು ಕೊಡೆಯನ್ನು ತುಸು ಎತ್ತಿ, ನಕ್ಕು ಮುಂದೆ ನಡೆದಿದ್ದರು.

ಜೊತೆಗಿದ್ದು ಇದನ್ನು ಕೇಳಿಸಿಕೊಂಡವಳು ಅವರ ಅಣ್ಣ ತಾಯಪ್ಪನ ಮಗಳು ಗೋಪಮ್ಮ. ಮಾನ್ವಿಯ ಹುಡುಗಿ, ರಾಯಚೂರಿನ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದವಳು ರಜೆ ಬಂದರೆ ಅತ್ತೆಯ ಒಂದೇ ಕೋಣೆಯ ಮನೆಗೆ ಓಡಿಬರುತ್ತಿದ್ದಳು. ಶೇಂಗಾದ ಕಳೆ ತೆಗೆಯುವ ಕೂಲಿಯ ಮನೆತನದಲ್ಲಿ ಮೊದಲು ಕುರ್ಚಿಯ ಮೇಲೆ ಕುಳಿತವರು ಈ ಅತ್ತೆ. ಮದುವೆ ಬೇಡವೆಂದು ಒಮ್ಮೆ ಹೇಳಿ, ಎರಡನೆಯ ಸಲ ಹೇಳುವ ಪ್ರಸಂಗ ಬಾರದಂತೆ ಬದುಕಿದವರು.

ಹಾಗಿದ್ದೂ ಊರಿನ ಮದುವೆಗಳೆಲ್ಲ ಅವರ ಬಾಗಿಲಿಗೆ ಬರುತ್ತಿದ್ದವು. ಗಂಡನ ಹೆಸರನ್ನು ಪ್ರಾಸದಲ್ಲಿ ಸೇರಿಸಿ ಹೇಳುವ ಒಡಪು ಬೇಕೆಂದು ಮದುಮಗಳು ಬಂದರೆ, ಅಮರಮ್ಮ ಆಕೆಯನ್ನು ಕೂಡಿಸಿಕೊಂಡು ಉಳಿದವರನ್ನು ಹೊರಗೆ ಕಳಿಸುತ್ತಿದ್ದರು. ಹುಡುಗನನ್ನು ಎಲ್ಲಿ ಕಂಡೆ, ಅವನೇನು ಮಾಡುತ್ತಿದ್ದ, ನಿನಗೇನನ್ನಿಸಿತು ಎಂದಷ್ಟೇ ಕೇಳಿ, ನಾಳೆ ಬಾ ಎನ್ನುತ್ತಿದ್ದರು. ಕನಕಮ್ಮನೆಂಬ ನಾಚಿಕೆಯ ಹುಡುಗಿ ರೈಲು ನಿಲ್ದಾಣದಲ್ಲಿ ವರನನ್ನು ಒಮ್ಮೆ ಮಾತ್ರ ನೋಡಿದ್ದಳು. ಆಕೆಗೆ ಸಿಕ್ಕ ಒಡಪು ಇದು:

“ರಾಯಚೂರ ಟೇಸಣದಾಗ ರೈಲು ನಿಂತದ್ದು ಒಂದು ಗಳಿಗಿ,
ಹಂಪಯ್ಯನವರು ನಿಂತೇಬಿಟ್ಟಾರ ನನ್ನ ಮನಸಿನೊಳಗಿ.”

ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರಂತೆ, ಕನಕಮ್ಮನ ಕಣ್ಣು ತುಂಬಿತಂತೆ. ಅಮರಮ್ಮನಿಗೆ ಎಲ್ಲವೂ ಬರೀ ‘ಅಂತೆ’ಗಳೇ, ಯಾವ ಮದುವೆಗೂ ಹೋಗಿ ಕೇಳಿದವರಲ್ಲ.

“ನಿಮ್ಮತ್ತಿ ಹಾದಿ ಹಿಡೀಬ್ಯಾಡವ್ವ,” ಎನ್ನುತ್ತಿದ್ದಳು ಗೋಪಮ್ಮನ ತಾಯಿ ಗದ್ದೆಮ್ಮ. “ತಲಿ ಬಾಳ ಶ್ಯಾಣೇ ಆದ್ರ ಮನಿ ಖಾಲಿ ಆಗ್ತದ.” ಮಗಳೂ ಪುಸ್ತಕ ಹಿಡಿದು ಮಾಳಿಗೆಯ ಮೂಲೆ ಹುಡುಕುವುದನ್ನು ಆಕೆ ಕಂಡಿದ್ದಳು. ಅಷ್ಟರಲ್ಲಿ ಕವಿತಾಳದ ಸಂಬಂಧ ಬಂತು. ಹುಡುಗ ಯಂಕೋಬನನ್ನು ಮೊದಲೇ ಕಂಡಿದ್ದ ಗೋಪಮ್ಮನಿಗೆ ಅವನು ಹಿಡಿಸಿದ್ದ. ಹೆದರಿಸಿದ್ದು ಅಣ್ಣತಮ್ಮಂದಿರೆಲ್ಲ ಒಂದೇ ಒಲೆಗೆ ಕೂಡಿದ್ದ ಆ ತುಂಬಿದ ಮನೆ. ಬಿ.ಎ.ಯ ಕೊನೆಯ ಪರೀಕ್ಷೆ ಇನ್ನೂ ಉಳಿದಿತ್ತು.

“ಅತ್ತಿ, ಬುದ್ಧಿ ಇದ್ದವ್ರು ಒಂಟಿ ಆಗ್ತಾರೋ, ಒಂಟಿ ಇದ್ದವ್ರಿಗೆ ಬುದ್ಧಿ ಬರ್ತದೋ?” ಎಂದು ಕೇಳಿದಳು ಒಂದು ದಿನ.

ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದ ಅಮರಮ್ಮ ಒಂದು ಕಲ್ಲನ್ನು ಆರಿಸಿ ಪಕ್ಕಕ್ಕಿಟ್ಟರು. “ಯಾರಿಗೆ ಗೊತ್ತವ್ವ. ಮಂದ್ಯಾಗ ಕುಂತ್ರ ನನಗ ಎಲ್ಲಾರೂ ಒಮ್ಮಿಗೇ ಕೇಳಸ್ತಾರ. ಯಾರ ಮಾರಿ ಸಣ್ಣದಾತು, ಯಾರ ನಗಿ ಸುಳ್ಳು, ಎಲ್ಲಾ ಮೊರಕ್ಕ ಬಂದು ಬೀಳ್ತದ. ಹಸನ ಮಾಡಾಕ ಒಂದು ಮೂಲಿ ಬೇಕಲ್ಲ?” ಆಮೇಲೆ ತಲೆಯೆತ್ತಿ ನೋಡಿದರು. “ನಿನಗೂ ಬೇಕೇನು?”

ಗೋಪಮ್ಮ ಹೌದೆಂದು ತಲೆಯಾಡಿಸಿದಳು.

ಹೆಣ್ಣು ನೋಡಲು ಕವಿತಾಳದವರು ಮಾನ್ವಿಗೆ ಬಂದ ದಿನ, ಇಂಥ ಕಾರ್ಯಗಳಿಗೆ ಎಂದೂ ಬಾರದ ಅಮರಮ್ಮ ಜಮಖಾನೆಯ ಮೇಲೆ ಎಲ್ಲರ ನಡುವೆ ಕುಳಿತಿದ್ದರು. ನಗಬೇಕಾದಲ್ಲಿ ನಕ್ಕರು; ಬೆರಳುಗಳು ಮಾತ್ರ ಸೆರಗಿನ ತುದಿಯನ್ನು ಮಡಚಿ ಬಿಚ್ಚುತ್ತಿದ್ದವು. ಚಹಾ ಆದಮೇಲೆ ಯಂಕೋಬನ ತಾಯಿಯತ್ತ ತಿರುಗಿದರು.

“ಯವ್ವಾ, ನಿಮ್ಮ ಮನ್ಯಾಗ ಒಳಗಿಂದ ಚಿಲಕ ಹಾಕೊ ಖೋಲಿ ಅದ ಏನ್ರಿ?”

ಹುಡುಗನ ದೊಡ್ಡಣ್ಣ ನಕ್ಕುಬಿಟ್ಟ. “ನಮ್ಮ ಮನ್ಯಾಗ ಕಳ್ಳರಿಲ್ರಿ, ಟೀಚರ.”

“ಕಳ್ಳರಿಗೆ ಹೊರಗಿನ ಕೀಲಿ ಸಾಕ್ರಿ. ನಮ್ಮ ಹುಡುಗಿನ್ನ ದಿನಾ ಒಂದು ತಾಸು ಯಾರೂ ಕರೀಬಾರದು. ಪರೀಕ್ಷಾ ಮುಗಿಯೋತನಕ ಅಲ್ಲ, ಆಕಿ ಇರೋತನಕ.”

“ಸಂಸಾರಕ್ಕ ಬರೋ ಹುಡುಗಿ ಏನ್ರಿ ಈಕಿ, ಮಠಕ್ಕ ಹೋಗಾಕಿ?” ಎಂದ ದೊಡ್ಡಣ್ಣ.

ಸಂಬಂಧ ಮುರಿಯಿತೆಂದು ತಾಯಪ್ಪನ ಮುಖ ಇಳಿಯಿತು. ಯಂಕೋಬನೂ ಹೋದ, ಮೂಲೆಯೂ ಹೋಯಿತು ಎಂದುಕೊಂಡ ಗೋಪಮ್ಮ ಜಮಖಾನೆಯ ಗೆರೆಗಳಿಂದ ಕಣ್ಣೆತ್ತಲಿಲ್ಲ.

“ನೀ ಸುಮ್ಕಿರಲೇ,” ಎಂದಳು ಯಂಕೋಬನ ತಾಯಿ ದೊಡ್ಡ ಮಗನಿಗೆ. ಅಷ್ಟು ಹೊತ್ತೂ ಆಕೆ ಅಮರಮ್ಮನ ಬೆರಳುಗಳನ್ನೇ ನೋಡುತ್ತಿದ್ದಳು. “ಆ ಮನಿಗೆ ಬಂದಾಗಿಂದ ಯಾರೂ ಕರೀದ ಒಂದು ತಾಸು ನಾ ಕಂಡಿಲ್ಲ. ಜ್ವಾಳದ ಚೀಲ ಇಡೊ ಖೋಲಿ ಅದ, ಟೀಚರಮ್ಮಾ. ಚಿಲಕ ನೀವ ಹಾಕಸ್ರಿ.”

ಒಡಪು ಬೇಡಲು ಗೋಪಮ್ಮ ದೇವದುರ್ಗಕ್ಕೆ ಹೋದಾಗ ಅಮರಮ್ಮ, “ನಿನ್ನ ಗಂಡನ ಹೆಸರು ನೀನ ಕಟ್ಟು,” ಎಂದು ಕೊಡೆ ಹಿಡಿದು ಹೊರಟು, ಬಾಗಿಲೆಳೆದುಕೊಂಡರು. ಗೋಪಮ್ಮ ಕಿಟಕಿಯಿಂದ ನೋಡಿದಳು: ಅತ್ತೆ ರಸ್ತೆ ದಾಟಿ ನೆರಳಿಗೆ ಹೋಗಿ, ದರ್ಜಿಯ ಕಟ್ಟೆಯ ಮೇಲೆ, ಮಂದಿಯ ನಡುವೆ ಕುಳಿತರು.

“ಏನ್ರಿ ಟೀಚರಮ್ಮಾ, ಬಾಡಿಗಿ ಕೊಡಾಕ ಬಂದ್ರೇನು?” ಎಂದ ಅಮೀರ್ ಸಾಬ್.

“ಹೂಂ. ಮಾತಾಡ್ರಿ ಇವತ್ತು.”

ಮದುವೆಯಲ್ಲಿ ಎಲ್ಲರೂ ಕೊಡ, ತಂಬಿಗೆ ಮುಯ್ಯಿ ಮಾಡಿದರೆ ಅಮರಮ್ಮ ಮಾಡಿದ್ದು ಒಂದು ಕಬ್ಬಿಣದ ಚಿಲಕ. ಗೋಪಮ್ಮ ತಾನೇ ಕಟ್ಟಿದ ಒಡಪು ಕೇಳಿಸಿಕೊಂಡು, ಊಟಕ್ಕೂ ನಿಲ್ಲದೆ ಬಸ್ಸು ಹಿಡಿದರು.

ಕವಿತಾಳಕ್ಕೆ ಬಂದ ಹೊಸತರಲ್ಲಿ ಒಂದು ಮಧ್ಯಾಹ್ನ ಗೋಪಮ್ಮ ಪುಸ್ತಕ ಹಿಡಿದು ಜೋಳದ ಕೋಣೆಗೆ ಹೋದರೆ ಬಾಗಿಲಿಗೆ ಒಳಗಿನಿಂದ ಚಿಲಕ ಬಿದ್ದಿತ್ತು. “ಯಾರದೀರಿ?” ಎಂದಳು.

“ನಾನ, ಯವ್ವಾ,” ಎಂದಿತು ಯಂಕೋಬನ ತಾಯಿಯ ದನಿ. “ಸುಮ್ನ ಕುಂತೀನಿ. ಇನ್ನೊಂದೀಟು ತಡಿ.”

ಗೋಪಮ್ಮ ಹೊಸ್ತಿಲ ಬಳಿ ಕುಳಿತಳು. ಅತ್ತಿ ಎಲ್ಲಿ ಎಂದು ಹುಡುಕಿಕೊಂಡು ಬಂದ ವಾರಗಿತ್ತಿಗೆ ತುಟಿಯ ಮೇಲೆ ಬೆರಳಿಟ್ಟು ತೋರಿಸಿದಳು.

ಬುದ್ಧಿವಂತರು ಏಕಾಂತವನ್ನು ಬಯಸುತ್ತಾರೆ ಎಂಬ ಮಾತು ನಿಜವಿರಬಹುದು. ಆದರೆ ಅದು ಯಾರ್ಯಾರಿಗೆ ಬೇಕಾಗಿತ್ತೆಂಬುದು ಚಿಲಕ ಹಾಕಿಸುವವರೆಗೆ ಯಾರಿಗೂ ತಿಳಿಯುವುದಿಲ್ಲ. ಅಮರಮ್ಮನಂಥವರು ಎದುರು ಬದಿಯ ಬಿಸಿಲು ತಾಳಿಕೊಂಡು ನಡೆಯುತ್ತಾರೆ. ಅದಕ್ಕೇ ಇರಬೇಕು, ಈಚೆ ನೆರಳಿನಲ್ಲಿ ಕುಳಿತವರ ಮುಖಗಳೆಲ್ಲ ಅವರಿಗೆ ಒಟ್ಟಿಗೆ ಕಾಣುತ್ತವೆ.