ಮೂರನೇ ಸೌಟು

ಶನಿವಾರದ ಸೌನಾ ಇನ್ನು ಸಾಕು ಎಂದು ಮಗಳು ಸಿರ್ಪಾ ಹೇಳಿದಾಗ ತೈಸ್ತೊಗೆ ಒಲೆ ಹೊತ್ತಿಸುವ ಮೊದಲೇ ಮೈ ಉರಿಯಿತು. ಸರೋವರದ ದಂಡೆಯ ಆ ಮರದ ಬಿಸಿಕೋಣೆಯಲ್ಲಿ ಅವನೂ ಹೆಂಡತಿ ಹಿಲ್ಕಾಳೂ ಐವತ್ತೆರಡು ವರ್ಷ ಜೊತೆಗೆ ಬೆವರಿದವರು. ಹಿಲ್ಕಾಳಿಗೆ ಅಲ್ಜೈಮರ್ಸ್ ಹಿಡಿದು ಮೂರು ವರ್ಷವಾಗಿತ್ತು. ಈಗ ವಾರಕ್ಕೊಮ್ಮೆಯಾದರೂ ಅವಳು ಅವನ ಹಳೇ ಹಿಲ್ಕಾ ಆಗುತ್ತಿದ್ದದ್ದು ಅಲ್ಲಿ ಮಾತ್ರ.

“ನೀನೇ ತಾನೆ ಹೇಳಿದ್ದು?” ತೈಸ್ತೊ ರೇಗಿದ. “ಕಾವು ತಗುಲಿದ್ರೆ ಮೈಯೊಳಗೆ ಅದೆಂಥದೋ ಪ್ರೋಟೀನು ಹುಟ್ಟುತ್ತೆ, ಮಡಿಕೆ ತಪ್ಪಿರೋ ಬೇರೆ ಪ್ರೋಟೀನನ್ನ ಹಿಡಿದು ನೆಟ್ಟಗೆ ಮಡಿಸುತ್ತೆ, ಮಿದುಳಲ್ಲಿ ಗಂಟು ಕಟ್ಟೋಕೆ ಬಿಡಲ್ಲ ಅಂತ?”

“ಅದು ಹುಳದ ವಿಷಯ ಅಪ್ಪಾ. ಎಳ್ಳಿಗಿಂತ ಸಣ್ಣ ಹುಳ. ಅಮ್ಮ ಹುಳ ಅಲ್ಲ.”

“ಹುಳಕ್ಕೆ ಉಪಕಾರಿ, ಮನೆಗೆ ಮಾರಿ!”

ಸಿರ್ಪಾ ಇಪ್ಪತ್ತು ವರ್ಷದಿಂದ ಕುವೋಪಿಯೊ ನಗರದ ಪ್ರಯೋಗಾಲಯದಲ್ಲಿ ಹುಳಗಳಿಗೆ ಅಳೆದು ಅಳೆದು ಕಾವು ಕೊಟ್ಟು, ಆಮೇಲೆ ಎಷ್ಟು ಹುಳ ತೆವಳುತ್ತವೆ ಎಂದು ಎಣಿಸುತ್ತಿದ್ದಳು. ಹುಳಗಳಿಗೆ ಸೌನಾ ಮಾಡಿಸಲು ಸರ್ಕಾರ ಸಂಬಳ ಕೊಡುತ್ತದೆಂದರೆ ದೇಶ ಸುಭಿಕ್ಷವಾಗಿದೆ ಎಂದೇ ತೈಸ್ತೊನ ಅಭಿಪ್ರಾಯ.

“ಅಮ್ಮ ಒಲೆಯ ಕಾದ ಕಲ್ಲಿನ ಮೇಲೆ ನೀರು ಹಾಕಿದ್ದು ಮರೀತಾಳೆ. ಮತ್ತೆ ಹಾಕ್ತಾಳೆ. ಒಂದಿನ ಇಬ್ರೂ ಬೆಂದುಹೋಗ್ತೀರ.”

ಅದು ನಿಜ. ಹೋದ ವಾರ ಏಳು ಸೌಟು ನೀರು ಬಿದ್ದು, ಎದ್ದ ಹಬೆಗೆ ತೈಸ್ತೊನ ಕಿವಿಯ ಸಿಪ್ಪೆ ಸುಲಿದಿತ್ತು. ಆದರೆ ಹೆಂಡತಿಗಿಂತ ಮೊದಲು ಹಲಗೆಯಿಂದ ಇಳಿದವನು ಆ ಊರಲ್ಲಿ ಗಂಡಸಲ್ಲ.

“ನೀನೇ ಬಂದು ಕೂತು ನೋಡು. ಆಮೇಲೆ ತೀರ್ಪು ಕೊಡು,” ಎಂದ.

ಶನಿವಾರ ಮೂವರೂ ಅಲ್ಲಿನ ರೂಢಿಯಂತೆ ಬರಿಮೈಯಲ್ಲಿ ಮೇಲಿನ ಹಲಗೆಯ ಮೇಲೆ ಕೂತರು. ಸಿರ್ಪಾಳ ಕೈಯಲ್ಲಿ ಪ್ರಯೋಗಾಲಯದ ಥರ್ಮಾಮೀಟರು. ಯಾರೋ ಅತಿಥಿ ಬಂದಿದ್ದಾಳೆಂದು ಹಿಲ್ಕಾ ಮರ್ಯಾದೆಯಿಂದ ಸರಿದು ಜಾಗ ಕೊಟ್ಟಳು. ಬಕೆಟ್ಟು ಮಾತ್ರ ತನ್ನ ಕಾಲ ಬಳಿಯೇ ಇಟ್ಟುಕೊಂಡಳು.

ಮೊದಲ ಸೌಟಿಗೆ ಕಲ್ಲುಗಳು ಚುಂಯ್ ಎಂದವು. ಎರಡನೆಯದಕ್ಕೆ ಸಿರ್ಪಾ ತಲೆ ತಗ್ಗಿಸಿದಳು.

“ಇವತ್ತಿನ್ನೂ ನೀರೇ ಹಾಕಿಲ್ವಲ್ಲೋ ಮುದುಕಾ,” ಎಂದು ಹಿಲ್ಕಾ ಮತ್ತೊಂದು ಸೌಟು ಸುರಿದಳು. ಇಪ್ಪತ್ತು ವರ್ಷ ಹುಳಗಳ ಬೆವರಿಳಿಸಿದ ವಿಜ್ಞಾನಿ ಎರಡೂ ಕಿವಿ ಮುಚ್ಚಿಕೊಂಡು, ಥರ್ಮಾಮೀಟರು ಅಲ್ಲೇ ಬಿಟ್ಟು, ಬಾಗಿಲಿನಾಚೆ ಓಡಿದಳು.

ಹಿಲ್ಕಾ ಹೊಟ್ಟೆ ಕುಣಿಯುವಂತೆ ನಕ್ಕಳು. “ಪಾಪ, ಯಾವಳೋ ಪುಕ್ಕಲಿ! ನನ್ನ ಮಗಳ ಥರಾನೇ. ಚಿಕ್ಕಂದಿನಿಂದ್ಲೂ ಹಂಗೇ ಅವಳು, ಮೂರನೇ ಸೌಟಿಗೆ ಪರಾರಿ.”

ತೈಸ್ತೊ ಬಾಗಿಲ ಕಡೆ ನೋಡಿದ. ಗೋಡೆ ತೆಳ್ಳಗಿನ ಹಲಗೆಯದು. ಆಚೆ ನಿಂತವಳಿಗೆ ಎಲ್ಲವೂ ಕೇಳಿಸಿರುತ್ತದೆ. ಇವತ್ತಿಗೆ ಸೌನಾದ ಕಥೆ ಮುಗಿಯಿತು ಎಂದುಕೊಂಡ.

ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು. ಸಿರ್ಪಾ ಕಣ್ಣು ಕೆಂಪಗೆ ಮಾಡಿಕೊಂಡು ಒಳಬಂದು, ತಾಯಿಯ ಪಕ್ಕ ಕೂತು, ಬಕೆಟ್ಟನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡಳು.

“ಸೌಟು ನನ್ನ ಹತ್ರ ಇರುತ್ತೆ. ಪ್ರತಿ ಶನಿವಾರ ಬರ್ತೀನಿ.”

“ಮತ್ತೆ ಆ ಪ್ರೋಟೀನು ಹುಟ್ಟುತ್ತೇನೇ?” ತೈಸ್ತೊ ಆಸೆಯಿಂದ ಕೇಳಿದ.

“ಗೊತ್ತಿಲ್ಲಪ್ಪಾ. ಸುಮ್ನೆ ಬೆವರು.”

ಹಿಲ್ಕಾ ಅತಿಥಿಯ ಒದ್ದೆ ಬೆನ್ನು ತಟ್ಟಿದಳು. “ಬಾರಮ್ಮ, ಧಾರಾಳವಾಗಿ ಬಾ. ನನ್ನ ಮಗಳು ಬಂದಾಗ ಪರಿಚಯ ಮಾಡಿಸ್ತೀನಿ. ಹುಳ ಬೇಯಿಸೋದು ಅವಳ ಕೆಲಸ. ಆದ್ರೂ ಒಳ್ಳೇ ಹುಡುಗಿ.”