ಸಮುದ್ರದ ದಂಡೆಯ ಹುಲ್ಲು, ನನ್ನ ಫರ್ಸಿ

ಅರವತ್ತೆಂಟನೆಯ ಇಸವಿಯಲ್ಲಿ ನಾನು ಮತ್ತು ಮೇಸ್ತ್ರಿ ಮಜೀದಸಾಬ ವಾಡಿ ಜಂಕ್ಷನ್ನಿನಲ್ಲಿ ಮದ್ರಾಸಿನ ರೈಲು ಹತ್ತಿದೆವು. ನಮ್ಮ ಶಹಾಬಾದದ ಫರ್ಸಿ ಕಲ್ಲು ಮೊದಲೇ ವ್ಯಾಗನ್ನಿನಲ್ಲಿ ಹೋಗಿತ್ತು. ಮದ್ರಾಸಿನಿಂದ ಮುಂದೆ, ಸಮುದ್ರದ ದಂಡೆಯಲ್ಲಿ, ಗಾಲ್ಫ್ ಆಡುವವರ ಕ್ಲಬ್ಬಿನ ಪಡಸಾಲೆಗೆ ಅದನ್ನು ಹಾಸಬೇಕಿತ್ತು. ಹನ್ನೊಂದು ದಿನ ತಲೆ ಎತ್ತದೆ ಹಾಸಿದೆ, ಮುಖ ಕಾಣುವ ತನಕ ಉಜ್ಜಿದೆ. ಅಂಥ ನೆಲ ನನ್ನ ಕೈಯಿಂದ ಹಿಂದೆ ಆಗಿರಲಿಲ್ಲ.

ಹನ್ನೆರಡನೆಯ ದಿನ ಮುಂಜಾನೆ ಆಟಗಾರನೊಬ್ಬ ಬೂಟುಗಾಲಲ್ಲೇ ಮೆಟ್ಟಿಲು ಹತ್ತಿ ಬಂದ. ಕರಕರ ಸದ್ದಾಯಿತು. ಜಾರಿ ಕಂಬ ಹಿಡಿದು ನಿಂತ. ನೋಡಿದರೆ ಬೂಟಿನ ತಳದ ತುಂಬ ಮೊಳೆ. ಫರ್ಸಿಯ ಮೇಲೆ ಬಿಳಿ ಗೆರೆ ಬಿದ್ದಿದ್ದವು.

"ಮನಿ ಒಳಗ ಬರೋವಾಗ ಮೆಟ್ಟು ಬಿಡಬೇಕಂತ ನಿಮಗ ಯಾರೂ ಕಲಿಸಿಲ್ಲೇನ್ರಿ?" ಎಂದು ಕೂಗಾಡಿದೆ. ಅವನಿಗೆ ಕನ್ನಡ ಬರುತ್ತಿರಲಿಲ್ಲ. ಸಿಟ್ಟು ತಿಳಿಯಿತು.

ಮಜೀದಸಾಬ ನನ್ನ ರಟ್ಟೆ ಹಿಡಿದು ಎಳೆದ. "ಬಾಯಿ ಮುಚ್ಚು ದೇವಿಂದ್ರಪ್ಪ. ಆ ಮೊಳಿ ಬೂಟು ಹಾಕ್ಕೊಂಡೇ ಆಡ್ತಾರಂತ. ಈ ನೆಲದ ಮ್ಯಾಲ ಬಿದ್ದು ಸೊಂಟ ಮುರ್ಕೋತಾರ. ಉಳಿ ತಗೊಂಡು ಒರಟು ಮಾಡು."

"ನನ್ನ ಕೈಲೇ ನಾ ಕೆಡಸಂಗಿಲ್ಲ. ಬ್ಯಾರೆ ಯಾರನ್ನರೆ ಕರೀರಿ" ಎಂದು ಮೈದಾನದ ಕಡೆ ನಡೆದುಬಿಟ್ಟೆ.

ಅಲ್ಲಿ ಮುದುಕನೊಬ್ಬ ಮೊಣಕಾಲೂರಿ ಕತ್ತರಿಯಿಂದ ಹುಲ್ಲು ಕತ್ತರಿಸುತ್ತಿದ್ದ. ಮಾಲಿ ಗುಲಾಮ ದಸ್ತಗೀರ. ಅವನ ದಖನಿ ಉರ್ದು ನನಗೂ ಬರುತ್ತಿತ್ತು. ಮೊದಲು ಅಂದದ್ದೇ, "ಚಪ್ಪಲಿ ಅಲ್ಲೇ ಬಿಡು. ಬೂಟಿನ ಮೊಳೆ ಚುಚ್ಚಿದ ತೂತನ್ನು ಒತ್ತಿ ಸರಿಮಾಡುತ್ತೇನೆ. ನಿನ್ನ ಟೈರಿನ ಚಪ್ಪಲಿ ಹುಲ್ಲನ್ನೇ ಎಳೆಯುತ್ತದೆ."

ಬಿಟ್ಟೆ. ಕಾಲಿಟ್ಟರೆ ಎಳೆಗರುವಿನ ಮೈ ಮುಟ್ಟಿದಂತಾಯಿತು. ನಮ್ಮ ಕಡೆ ಹುಲ್ಲು ಕಾಲಿಗೆ ಚುಚ್ಚುವಂಥದು. ಇಲ್ಲಿ ಕಣ್ಣು ಹೋದಷ್ಟೂ ಹಸಿರು. ಒಂದು ದನ ಇಲ್ಲ, ಒಂದು ಕುರಿ ಇಲ್ಲ. ಹಸಿರು ಮುಗಿದಲ್ಲಿ ಸಮುದ್ರ ಎದ್ದು ನಿಂತಿತ್ತು. ಒಬ್ಬ ಚೆಂಡು ಹೊಡೆದ. ಅದು ಮೈದಾನದೊಳಗೆ ನುಗ್ಗಿದ್ದ ಉಪ್ಪುನೀರಿನ ಮೇಲೆ ಹಾರಿ ಆಚೆ ದಂಡೆಯ ಹುಲ್ಲಿಗೆ ಬಿತ್ತು.

ಈ ದಂಡೆಗುಂಟ ಇಂಥ ಮೂರು ಮೈದಾನದಲ್ಲಿ ದುಡಿದಿದ್ದೇನೆ ಎಂದ ದಸ್ತಗೀರ. ಒಂದು ತೆಂಗಿನ ತೋಪಿನ ನಡುವೆ. ಅಲ್ಲಿ ಕಾಗೆ ಚೆಂಡು ಒಯ್ಯುತ್ತಿದ್ದವಂತೆ. ಇನ್ನೊಂದು ಬರೀ ಮರಳುಗುಡ್ಡ. ಅಲ್ಲಿ ಹುಲ್ಲು ಹಿಡಿಯಲು ಆರು ವರ್ಷ ಬೇಕಾಯಿತಂತೆ.

ಮಾತಾಡುತ್ತಲೇ ಒಂದು ಕಬ್ಬಿಣದ ಕೊಳವೆಯಿಂದ ಆ ಚಂದದ ಹುಲ್ಲಿನ ನಟ್ಟನಡುವೆ ಚೆಂಡು ಬೀಳಿಸುವ ಹೊಸ ಕುಳಿ ತೆಗೆದ. ಕೊಳವೆಯಲ್ಲಿ ಬಂದ ಮಣ್ಣುಸಮೇತದ ಹುಲ್ಲನ್ನು ಹಾಗೇ ಒಯ್ದು ನಿನ್ನೆಯ ಕುಳಿಗೆ ಕೂರಿಸಿ ಅಂಗೈಯಿಂದ ಒತ್ತಿದ. ಆ ಹಳೆಯ ಕುಳಿಯ ಸುತ್ತ ತುಳಿಸಿಕೊಂಡ ಹುಲ್ಲು ದಣಿದಿದೆಯಂತೆ, ಆರಾಮ ಮಾಡಲಿ ಅಂದ.

ನಾನು ಬಗ್ಗಿ ಆ ಹಳೆಯ ಕುಳಿಯ ಸಂದು ಹುಡುಕಿದೆ. ಎಂಥ ಫರ್ಸಿಯ ಸಂದೂ ನನ್ನ ಉಗುರಿಗೆ ಸಿಗುತ್ತದೆ. ಇದು ಸಿಗಲಿಲ್ಲ.

"ಇಷ್ಟು ಚಂದ ಬೆಳೆಸಿ ನೀನೇ ಕಡಿಯುತ್ತೀಯಲ್ಲ, ಹೊಟ್ಟೆ ಉರಿಯೋದಿಲ್ಲವೇ?"

"ಆಡಲಿಕ್ಕೆ ಬೆಳೆಸಿದ್ದು, ಭಾಯಿ. ನೋಡಲಿಕ್ಕೆ ಸಮುದ್ರ ಇದೆಯಲ್ಲ."

ಹಿಂದಿರುಗಿ ಉಳಿ ಸುತ್ತಿಗೆ ಹಿಡಿದು ಕುಳಿತೆ. ಸವೆದ ಬೀಸುಕಲ್ಲನ್ನು ಉಳಿಯಿಂದ ಮತ್ತೆ ಒರಟು ಮಾಡುವಂತೆ, ಮೆಟ್ಟಿಲಿನಿಂದ ಬಾಗಿಲ ತನಕ ಅವರು ನಡೆಯುವ ದಾರಿಗೆ ಸಣ್ಣ ಚುಕ್ಕಿ ಹೊಡೆಯುತ್ತ ಹೋದೆ. ಹತ್ತಿರ ಹತ್ತಿರ, ಎಲ್ಲ ಒಂದೇ ಆಳ.

ಮಜೀದಸಾಬ ಬಂದು ನಿಂತ. "ಕೆಡಸಂಗಿಲ್ಲ ಅಂದಿದ್ದಿ?"

"ಬಾಯಿ ಮುಚ್ಚಿ ನೀರು ಹಾಕ್ರಿ, ಮೇಸ್ತ್ರಿ. ಧೂಳು ಏಳಾಕತ್ತದ."