ಎರಡು ಸಲ ಸುರಿದ ಉಸುಕು

ನಾನೊಂದು ಕಂಪ್ಯೂಟರು. ಮದುವೆ ಪತ್ರಿಕೆ ಟೈಪು ಮಾಡುವ ಜಾತಿಯದಲ್ಲ, ದೊಡ್ಡ ಲೆಕ್ಕಕ್ಕೆಂದೇ ಹುಟ್ಟಿದ್ದು. ಹುಬ್ಬಳ್ಳಿಯ ಒಂದು ಅಂಗಡಿಯ ಅಟ್ಟದ ಮೇಲೆ ನನ್ನೊಳಗೆ ದಪ್ಪ ದಪ್ಪ ಕಾರ್ಡು ಜೋಡಿಸಿ, ಫ್ಯಾನು ಕೂಡಿಸಿ, ಒಂದು ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗಕ್ಕೆ ಕಳಿಸಿದರು. ಅಲ್ಲಿ ನನ್ನ ಜಾಗ ಮೇಜಿನ ಕೆಳಗೆ. ಹಾಗಾಗಿ ಮನುಷ್ಯರನ್ನು ನಾನು ಮೊದಲು ಕಂಡದ್ದು ಕಾಲಿನಿಂದ. ಪ್ರೊಫೆಸರ್ ಹಂಪಿಹೊಳಿಯವರದು ಪಾಲಿಶು ಹಾಕಿದ ಬೂಟು. ಅವರ ಕೈಕೆಳಗೆ ಪಿಎಚ್‌ಡಿ ಮಾಡುತ್ತಿದ್ದ ಮಂದಾಕಿನಿಯದು ಉಂಗುಟದ ಪಟ್ಟಿ ಹರಿದು ಹೊಲಿಸಿದ ಚಪ್ಪಲಿ.

ಮಂದಾಕಿನಿ ಕೊಟ್ಟ ಕೆಲಸ ವಿಚಿತ್ರದ್ದು. ಕ್ಷಯಕ್ಕೆ ಔಷಧವಾಗಬಹುದಾದ ಒಂದು ಅಣು, ರೋಗಾಣುವಿನ ಪ್ರೋಟೀನಿನ ತಗ್ಗಿನಲ್ಲಿ ಕೂತಿರುತ್ತದೆ. ಎಷ್ಟು ಗಟ್ಟಿಯಾಗಿ ಕೂತಿದೆ ಎಂದು ತಿಳಿಯಬೇಕು. ತಾನಾಗಿ ಎದ್ದು ಬರಲಿ ಎಂದು ಕಾದರೆ ನನ್ನ ಆಯುಷ್ಯವೇ ತೀರೀತು. ಅದಕ್ಕೆ ಅವಳು ಲೆಕ್ಕದೊಳಗೇ ಒಂದು ಉಪಾಯ ಹೂಡಿದಳು: ಅಣು ನಿಂತಲ್ಲೆಲ್ಲ ಹಿಡಿ ಹಿಡಿ ಉಸುಕು, ಬರೀ ಅಂಕಿಗಳ ಉಸುಕು, ಸುರಿಯುವುದು. ತಗ್ಗು ತುಂಬಿದಂತೆ ಅಣು ಮೇಲೇರಿ ಹೊರಗೆ ದಾಟುತ್ತದೆ. ಎಷ್ಟು ಉಸುಕು ಹಿಡಿಯಿತೋ ತಗ್ಗು ಅಷ್ಟು ಆಳ, ಔಷಧದ ಹಿಡಿತ ಅಷ್ಟು ಗಟ್ಟಿ. ಅವಳ ಡಿಗ್ರಿ ನಿಂತದ್ದು ಈ ಲೆಕ್ಕದ ಮೇಲೆ.

ತಗ್ಗು ಮುಕ್ಕಾಲು ತುಂಬಿದ್ದಾಗ ಆಯುಧಪೂಜೆ ಬಂತು. ಮಂದಾಕಿನಿ ಅಕ್ಕನ ಬಾಣಂತನಕ್ಕೆಂದು ಊರಿಗೆ ಹೋಗಿದ್ದಳು. ಪೂಜೆಯ ದಿನ ಯಂತ್ರ ದುಡಿಯಬಾರದೆಂದು ಪ್ರೊಫೆಸರರು ನನ್ನನ್ನು ಆರಿಸಿ, ಹಣೆಗೆ ಕುಂಕುಮ ಹಚ್ಚಿ, ಚೆಂಡುಹೂ ಏರಿಸಿದರು. ಮರುದಿನ ತಾವೇ ಚಾಲೂ ಮಾಡಿದರು. ಹಳೆಯ ಉಸುಕನ್ನು ಲೆಕ್ಕಕ್ಕೆ ತಗೋ ಎಂದು ಹೇಳುವುದನ್ನು ಮಾತ್ರ ಮರೆತರು. ಹೇಳದ್ದನ್ನು ಮಾಡುವ ಬುದ್ಧಿ ನನಗೆಲ್ಲಿಂದ ಬರಬೇಕು? ಹಳೆಯ ಉಸುಕು ಕಡತದಲ್ಲೇ ಉಳಿಯಿತು, ಅಣು ಬರಿದಾದ ತಗ್ಗಿನ ತಳಕ್ಕೆ ಜಾರಿತು. ಮೊದಲಿಂದ ಮತ್ತೆ ಸುರಿದೆ. ಕೊನೆಗೆ ಅವರು ಎರಡೂ ಸಲದ ಉಸುಕನ್ನು ಕೂಡಿಸಿ, ಇಂಥ ಗಟ್ಟಿ ಔಷಧ ಯಾರಿಗೂ ಸಿಕ್ಕಿಲ್ಲವೆಂದು ಹಿಗ್ಗಿ, ವಿಜ್ಞಾನ ಪತ್ರಿಕೆಯೊಂದಕ್ಕೆ ಲೇಖನ ಕಳಿಸಿಬಿಟ್ಟರು.

ತಿರುಗಿ ಬಂದ ಮಂದಾಕಿನಿ ಕೂತ ಕೂತಲ್ಲೇ ತಪ್ಪು ಹಿಡಿದಳು.

“ಸರ್, ಒಂದ ತಗ್ಗಿಗೆ ಎರಡ ಸಲ ಉಸುಕ ಸುರದು, ಎರಡೂ ಕೂಡ್ಸೇವ್ರಿ. ಲೇಖನ ವಾಪಸ್ ತಗೋಬೇಕ್ರಿ.”

“ಕಳಿಸಿ ಆಗೇತವಾ. ನಿನಗ ಡಿಗ್ರಿ ಬೇಕೋ, ಉಸುಕ ಬೇಕೋ?”

ಅವಳು ಲೇಖನದಿಂದ ತನ್ನ ಹೆಸರು ತೆಗೆಸಿದಳು. ಅವರು ಅವಳ ಥೀಸಿಸ್‌ಗೆ ಸಹಿ ಹಾಕಲಿಲ್ಲ. ಇಂದು ಬಾ ನಾಳೆ ಬಾ ಎಂದು ಅಲೆಸಿದರು, ಅವಳು ಸೋತು ಬಿಟ್ಟುಹೋದಳು. ಆಮೇಲೆ ಲೇಖನ ಓದಿದ ಬೇರೆ ಊರಿನವರು ಆ ಔಷಧವನ್ನು ಪ್ರನಾಳದಲ್ಲಿಟ್ಟು ನೋಡಿದರೆ, ಅದು ಪ್ರೋಟೀನಿಗೆ ಸರಿಯಾಗಿ ಅಂಟಿಕೊಳ್ಳಲೇ ಇಲ್ಲ. ಲೆಕ್ಕ ಮಾಡಿದವಳು ಮಂದಾಕಿನಿ, ಅರ್ಧಕ್ಕೆ ಕೈಬಿಟ್ಟು ಓಡಿದಳು ಎಂದರು ಪ್ರೊಫೆಸರರು. ಮಾಡಿದವರ ಪಾಪ ಆಡಿದವರ ಬಾಯಲ್ಲಿ ಅಂತಾರೆ, ಇಲ್ಲಿ ತಪ್ಪು ಎತ್ತಿ ಆಡಿದವಳ ತಲೆಗೇ ಬಂತು. ಎಲ್ಲರೂ ನಂಬಿದರು. ನನಗೆ ಮೈಯೆಲ್ಲ ಉರಿಯಿತು, ಫ್ಯಾನು ಜೋರಾಗಿ ತಿರುಗಿತು, ಅಷ್ಟೇ.

ಮುಂದೆ ನನ್ನನ್ನು ಆಫೀಸಿಗೆ ಕೊಟ್ಟರು. ಹಾಲ್ ಟಿಕೆಟು ತೆಗೆಯುತ್ತ ಮುಪ್ಪು ಬಂತು. ಈಗ ಮೆಟ್ಟಿಲ ಕೆಳಗೆ ಮುರಿದ ಕುರ್ಚಿಗಳ ಜೊತೆ ಬಿದ್ದಿದ್ದೇನೆ.

ಹೋದ ತಿಂಗಳು ಮಂದಾಕಿನಿ ಬಂದಿದ್ದಳು, ಇಲ್ಲೇ ಉಳಿದಿದ್ದ ಅಂಕಪಟ್ಟಿ ಒಯ್ಯಲು. ನನ್ನ ಗುರುತು ಹಿಡಿದು ಕುಕ್ಕರಗಾಲಲ್ಲಿ ಕೂತಳು. ನನ್ನ ಹಣೆಯ ಮೇಲೆ ಒಣಗಿದ್ದ ಕುಂಕುಮವನ್ನು ಉಗುರಿನಿಂದ ಕೆರೆದಳು.

“ನಿಂದೇನೂ ತಪ್ಪಿಲ್ಲ ಬಿಡು,” ಎಂದಳು.

ಆ ಮಾತನ್ನು ಅವಳಿಗೆ ಹೇಳುವವರು ಈ ವಿಭಾಗದಲ್ಲಿ ಒಬ್ಬರೂ ಇರಲಿಲ್ಲ. ನಡೆದದ್ದನ್ನು ಕಂಡದ್ದು ನಾನೊಂದೇ. ನನಗೆ ಬಾಯಿಲ್ಲ.